ಸೋತವರ ಜಮೀನು, ಗೆದ್ದವರ ಲೆಕ್ಕ

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ವರ್ಷ 1646. ಲಂಡನ್ನಿನ ಲಡ್‌ಗೇಟ್ ಬೀದಿಯಲ್ಲಿ ಒಂದು ಮನೆ. ಆಗಿನ್ನೂ ಮನೆಗಳಿಗೆ ನಂಬರು ಇರಲಿಲ್ಲ, ನೇತುಹಾಕಿದ ಗುರುತಿನಿಂದಲೇ ಕರೆಯಬೇಕು. ಇದರ ಗುರುತು ಅಡ್ಡಡ್ಡ ಇಟ್ಟ ಎರಡು ಬೀಗದ ಕೈ, ಹೆಸರು ಕ್ರಾಸ್ ಕೀಸ್. ಯುದ್ಧಕ್ಕೆ ಮುಂಚೆ ವರ್ಷಕ್ಕೆ 40 ಪೌಂಡ್ ಬಾಡಿಗೆ ತರುತ್ತಿದ್ದ ಮನೆ. ಮಾಲೀಕ ಕ್ರಿಸ್ಟಫರ್ ಮಿಲ್ಟನ್ ಎಂಬ ವಕೀಲ. ರಾಜ ಒಂದನೇ ಚಾರ್ಲ್ಸ್‌ನ ಕಡೆಯವನು. ಸಂಸತ್ತಿನ ಸಮಿತಿ ಅವನಿಗೆ ಹಾಕಿದ ದಂಡ 80 ಪೌಂಡ್.

ಈ 80 ಎಲ್ಲಿಂದ ಬಂತು? ಯುದ್ಧದಲ್ಲಿ ಅವನು ಎಷ್ಟು ಜನರನ್ನು ಕೊಂದ, ಯಾರ ಮನೆ ಸುಟ್ಟ ಎಂದು ಯಾರೂ ಕೇಳಲಿಲ್ಲ. ಸ್ವಂತ ಆಸ್ತಿಯ ಬೆಲೆಯನ್ನು ಅಂದು ವರ್ಷದ ಹುಟ್ಟುವಳಿಯ ಇಪ್ಪತ್ತರಷ್ಟು ಎಂದು ಹಿಡಿಯುತ್ತಿದ್ದರು. ನಲವತ್ತು ಇಪ್ಪತ್ತಲೆ ಎಂಟುನೂರು. ಅದರ ಹತ್ತರಲ್ಲಿ ಒಂದು ಪಾಲು 80. ಅಂದರೆ ಎರಡು ವರ್ಷದ ಬಾಡಿಗೆ ಕಟ್ಟಿ ಮನೆ ಬಿಡಿಸಿಕೊಂಡು ಹೋಗು ಎಂದರ್ಥ. ಹತ್ತನೇ ಪಾಲೇ ಏಕೆ, ಮೂರನೇ ಪಾಲೇಕಲ್ಲ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಕುತೂಹಲದ್ದು. ಅವನು ಯಾವ ಊರಿನಲ್ಲಿ, ಯಾವ ಷರತ್ತಿನ ಮೇಲೆ ಶರಣಾದ ಎಂಬುದರ ಮೇಲೆ ಆ ಪಾಲು ನಿರ್ಧಾರವಾಗಿತ್ತು.

ರಾಜನಿಗೂ ಸಂಸತ್ತಿಗೂ ನಡೆದ ಇಂಗ್ಲೆಂಡಿನ ಅಂತರ್ಯುದ್ಧ ಅಂದರೆ ನಮಗೆ ನೆನಪಾಗುವುದು ಸಂಸತ್ತಿನ ಸೇನಾಪತಿ ಕ್ರಾಂವೆಲ್, ನೇಸ್‌ಬಿ ಕದನ, 1649ರ ಜನವರಿಯಲ್ಲಿ ರಾಜನ ತಲೆ ಹೋದದ್ದು. ಇವತ್ತಿನ ವಿಷಯ ಆ ರಕ್ತದ್ದಲ್ಲ, ಕಾಗದದ್ದು. ಸೋತ ಪಕ್ಷದ ಜಮೀನುದಾರರನ್ನು ಗೆದ್ದವರು ಸಾಲಾಗಿ ನಿಲ್ಲಿಸಿ, ಅರ್ಜಿ ಬರೆಸಿ, ಆಸ್ತಿ ಪಟ್ಟಿ ಕೇಳಿ, ಗುಣಾಕಾರ ಮಾಡಿ ಹಣ ವಸೂಲಿ ಮಾಡಿದರು. ಮೂರು ಸಾವಿರಕ್ಕೂ ಹೆಚ್ಚು ಜನ ಆ ಸಾಲಿನಲ್ಲಿ ನಿಂತರು. ನನ್ನ ವಾದ ಒಂದೇ: ಈ ಇಡೀ ವ್ಯವಸ್ಥೆ ಹುಟ್ಟಿದ್ದು ಸಂಸತ್ತಿನ ಖಾಲಿ ಖಜಾನೆಯಿಂದ. ದ್ವೇಷ ಇರಲಿಲ್ಲವೆಂದಲ್ಲ, ಧಾರಾಳವಾಗಿತ್ತು. ಆದರೆ ಒಬ್ಬೊಬ್ಬನ ಪಾಲಿಗೆ ಎಷ್ಟು ನಷ್ಟ ಬಂತು ಎಂಬುದನ್ನು ತೀರ್ಮಾನಿಸಿದ್ದು ಅವನ ಅಪರಾಧಕ್ಕಿಂತ ಹೆಚ್ಚಾಗಿ ತಾರೀಖು, ದಸ್ತಾವೇಜು ಮತ್ತು ಕೈಯಲ್ಲಿದ್ದ ನಗದು.

ಮೊದಲು ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮುಂದೆ ಎಲ್ಲವೂ ಕಲಸಿಹೋಗುತ್ತದೆ. ಒಂದು ಜಪ್ತಿ. ಇನ್ನೊಂದು ಮುಟ್ಟುಗೋಲು. ಜಪ್ತಿಯಲ್ಲಿ ಹಕ್ಕು ಮಾಲೀಕನದೇ, ಹುಟ್ಟುವಳಿ ಮಾತ್ರ ಸರ್ಕಾರದ್ದು. ಮುಟ್ಟುಗೋಲಿನಲ್ಲಿ ಹಕ್ಕೇ ಹೋಗುತ್ತದೆ, ಜಮೀನು ಇನ್ನೊಬ್ಬರಿಗೆ ಮಾರಾಟವಾಗುತ್ತದೆ. ಸಂಸತ್ತು ಮೊದಲು ಹಿಡಿದದ್ದು ಜಪ್ತಿಯ ದಾರಿ. ರಾಜಪಕ್ಷದವರ ಜಮೀನನ್ನು ಮುಟ್ಟುಗೋಲು ಹಾಕಿ ಮಾರಿದ್ದು 1651ರಿಂದ ಈಚೆಗೆ.

1642ರ ಆಗಸ್ಟ್‌ನಲ್ಲಿ ಯುದ್ಧ ಶುರುವಾಯಿತು. ನವೆಂಬರ್ ಹೊತ್ತಿಗೆ ಸಂಸತ್ತಿನ ಬಳಿ ಸೈನಿಕರಿಗೆ ಸಂಬಳ ಕೊಡಲು ದುಡ್ಡಿರಲಿಲ್ಲ. ಹ್ಯಾಬರ್‌ಡ್ಯಾಶರ್ಸ್ ಹಾಲ್ ಎಂಬ ವರ್ತಕರ ಸಂಘದ ಕಟ್ಟಡದಲ್ಲಿ ಒಂದು ಸಮಿತಿ ಕೂತು, ತಾನಾಗಿ ಸಾಲ ಕೊಡದವರ ಮೇಲೆ ಸ್ಥಿರಾಸ್ತಿಯ ಹುಟ್ಟುವಳಿಯಲ್ಲಿ ಐದನೇ ಒಂದು, ಚರಾಸ್ತಿಯಲ್ಲಿ ಇಪ್ಪತ್ತನೇ ಒಂದು ಪಾಲು ಹೇರಿತು. ಅದು ಸಾಲಲಿಲ್ಲ. 1643ರ ಮಾರ್ಚ್ 27ರಂದು ಜಪ್ತಿಯ ಸುಗ್ರೀವಾಜ್ಞೆ ಬಂತು. ರಾಜನಿಗೆ ಆಳು, ಹಣ, ಆಯುಧ ಕೊಟ್ಟವರೆಲ್ಲ 'ಡೆಲಿಂಕ್ವೆಂಟ್', ಅಂದರೆ ಕರ್ತವ್ಯಕ್ಕೆ ತಪ್ಪಿದವರು; ಅವರ ಆಸ್ತಿ ಪೂರ್ತಿ ಜಪ್ತಿ. ಕ್ಯಾಥೊಲಿಕ್ ಆಗಿದ್ದು ಆಯುಧ ಹಿಡಿಯದೆ ಮನೆಯಲ್ಲೇ ಇದ್ದರೆ ಮೂರರಲ್ಲಿ ಎರಡು ಪಾಲು ಜಪ್ತಿ.

ಕೆಲಸ ನಡೆಸುತ್ತಿದ್ದದ್ದು ಕೌಂಟಿ, ಅಂದರೆ ಜಿಲ್ಲಾ, ಸಮಿತಿಗಳು. ಸಮಿತಿಯ ಆಳುಗಳು ಮನೆಗೆ ಬಂದು ಮಂಚ, ಹಾಸಿಗೆ, ಹಿತ್ತಾಳೆ ಪಾತ್ರೆ, ಹಸು, ಹುಲ್ಲಿನ ಮೆದೆ, ಎಲ್ಲದರ ಪಟ್ಟಿ ಮಾಡುತ್ತಿದ್ದರು. ಒಕ್ಕಲುಗಳಿಗೆ ನೋಟೀಸು: ಇನ್ನು ಮೇಲೆ ಗೇಣಿ ಧಣಿಗೆ ಕೊಡಬೇಡಿ, ಸಮಿತಿಗೆ ಕಟ್ಟಿ. ಚರಾಸ್ತಿ ಹರಾಜು. ಆಸ್ತಿ ಬಚ್ಚಿಟ್ಟದ್ದನ್ನು ಯಾರಾದರೂ ಬಂದು ಹೇಳಿದರೆ ವಸೂಲಾದ ಪೌಂಡಿಗೆ ಒಂದು ಶಿಲ್ಲಿಂಗ್, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು ಇನಾಮು. ಈ ಇನಾಮಿನ ಆಸೆಗೆ ಹಳೆಯ ಆಳುಕಾಳುಗಳು, ಹೊಲದ ಅಂಚಿನ ಬಗ್ಗೆ ವ್ಯಾಜ್ಯವಿದ್ದ ನೆರೆಹೊರೆಯವರು ಸಮಿತಿಯ ಬಾಗಿಲಿಗೆ ಹೋದರು. ಹೆಂಡತಿ ಮಕ್ಕಳಿಗೆ ಏನು ಗತಿ ಎಂಬ ಪ್ರಶ್ನೆ ಬಂದಾಗ 1643ರ ಆಗಸ್ಟ್‌ನಲ್ಲಿ ತಿದ್ದುಪಡಿ ತಂದು, ಹುಟ್ಟುವಳಿಯ ಐದನೇ ಒಂದು ಪಾಲಿನವರೆಗೆ ಜೀವನಾಂಶ ಕೊಡಬಹುದು ಎಂದರು. ಕೊಡಬಹುದು ಎಂದದ್ದೇ ಹೊರತು ಕೊಡಲೇಬೇಕು ಎನ್ನಲಿಲ್ಲ. ಈ ಐದನೇ ಪಾಲಿನ ಕಥೆಗೆ ಮತ್ತೆ ಬರುತ್ತೇನೆ.

ಜಪ್ತಿಯಿಂದ ನಿರೀಕ್ಷಿಸಿದಷ್ಟು ಹಣ ಬರಲಿಲ್ಲ. ಬೇಸಾಯ ಗೊತ್ತಿರುವವರಿಗೆ ಕಾರಣ ತಕ್ಷಣ ಹೊಳೆಯುತ್ತದೆ. ಸಮಿತಿ ಜಮೀನನ್ನು ಒಂದೊಂದೇ ವರ್ಷದ ಗುತ್ತಿಗೆಗೆ ಕೊಡುತ್ತಿತ್ತು. ಮುಂದಿನ ವರ್ಷ ತನ್ನ ಕೈಯಲ್ಲಿರುತ್ತದೋ ಇಲ್ಲವೋ ಗೊತ್ತಿಲ್ಲದ ಹೊಲಕ್ಕೆ ಗೊಬ್ಬರ ಯಾರು ಹಾಕುತ್ತಾರೆ? ಬೇಲಿ ಯಾರು ಕಟ್ಟುತ್ತಾರೆ? ಮರ ಕಡಿದು ಮಾರುವುದು ಮಾತ್ರ ಜೋರಾಗಿ ನಡೆಯಿತು. ಅದರ ಜೊತೆಗೆ ಎರಡೂ ಸೈನ್ಯಗಳು ಅದೇ ಒಕ್ಕಲಿನಿಂದ ಕಾಳು, ಕುದುರೆ, ತೆರಿಗೆ ಕಿತ್ತುಕೊಂಡಿದ್ದವು. ಸಮಿತಿಯ ಗುಮಾಸ್ತರು, ವಸೂಲಿಗಾರರು, ಕಾವಲಿನ ಸಿಪಾಯಿಗಳಿಗೆ ಕೊಟ್ಟು ಉಳಿದದ್ದು ಕೌಂಟಿಯ ಪಡೆಗಳಿಗೇ ಖರ್ಚಾಗಿ ಹೋಗುತ್ತಿತ್ತು. ಲಂಡನ್ನಿಗೆ ತಲುಪಿದ್ದು ತಳದಲ್ಲಿ ಉಳಿದ ಗಸಿಯಷ್ಟು.

ಆಗ ಹೊಳೆದದ್ದು ರಾಜಿಯ ದಾರಿ. 1643ರಲ್ಲಿ ಸ್ಕಾಟ್‌ಲೆಂಡಿನ ಸೈನ್ಯವನ್ನು ನೆರವಿಗೆ ಕರೆದರು, ಅದಕ್ಕೆ ಹಣ ಬೇಕಾಯಿತು. ಫಾಸ್ಟರ್ ಲೇನಿನಲ್ಲಿದ್ದ ಅಕ್ಕಸಾಲಿಗರ ಸಂಘದ ಕಟ್ಟಡ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ಆ ಹಣ ಹೊಂದಿಸುವ ಸಮಿತಿ ಕೂತಿತು. ಮುಂದಿನ ವರ್ಷದಿಂದ ಅದೇ ಸಮಿತಿ ಶರಣಾದ ಡೆಲಿಂಕ್ವೆಂಟ್‌ಗಳ ಜೊತೆ 'ಕಾಂಪೌಂಡ್' ಮಾಡತೊಡಗಿತು. ಈ ಮಾತು ನಮಗೆ ಹೊಸದಲ್ಲ. ಟ್ರಾಫಿಕ್ ದಂಡವನ್ನೋ ಅರಣ್ಯ ಇಲಾಖೆಯ ಕೇಸನ್ನೋ ಕೋರ್ಟಿಗೆ ಹೋಗದೆ ಕಟ್ಟಿ ಮುಗಿಸುವುದಕ್ಕೆ ನಮ್ಮ ಕಚೇರಿಗಳಲ್ಲೂ ಕಾಂಪೌಂಡಿಂಗ್ ಎಂದೇ ಹೇಳುತ್ತಾರೆ. ಅರ್ಥ ಅದೇ: ಒಂದು ಮೊತ್ತ ಕಟ್ಟು, ಕೇಸು ಮುಗಿಸು. ವರ್ಷ ವರ್ಷ ಚೂರು ಚೂರು ಗೇಣಿ ವಸೂಲಿ ಮಾಡುವ ತಲೆನೋವಿಗಿಂತ ಒಂದೇ ಸಲ ನಗದು ಸಿಕ್ಕರೆ ಸಂಸತ್ತಿಗೂ ಲಾಭ.

ಹಂತಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಎಡವಟ್ಟಾಗುತ್ತಿದ್ದದ್ದು ಇಲ್ಲೇ.

ಮೊದಲು ಅರ್ಜಿ. 'ನಾನು ರಾಜನ ಸೈನ್ಯದಲ್ಲಿದ್ದೆ, ಈಗ ಪಶ್ಚಾತ್ತಾಪಪಡುತ್ತೇನೆ, ರಾಜಿಗೆ ಅವಕಾಶ ಕೊಡಿ' ಎಂಬ ಧಾಟಿಯದು. ಅರ್ಜಿ ಹಾಕಿದೊಡನೆ ತಪ್ಪು ಒಪ್ಪಿಕೊಂಡಂತೆ. ಆಮೇಲೆ ನಾನು ನಿರಪರಾಧಿ ಎಂದು ವಾದಿಸುವ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ. ಬಳಿಕ ಪ್ರಮಾಣ. 1643ರ ಧಾರ್ಮಿಕ ಒಡಂಬಡಿಕೆಗೆ, ಅಂದರೆ 'ಕವನೆಂಟ್'ಗೆ ಸಹಿ ಮಾಡಿ, ಮಾಡಿಸಿದ ಪಾದ್ರಿಯಿಂದ ಸರ್ಟಿಫಿಕೇಟು ತರಬೇಕು. 1645ರ ಏಪ್ರಿಲ್‌ನಿಂದ ಇನ್ನೊಂದು ಸೇರಿತು: ಸಂಸತ್ತಿನ ವಿರುದ್ಧ ರಾಜನಿಗೆ ನೆರವು ಕೊಡುವುದಿಲ್ಲ ಎಂಬ 'ನೆಗೆಟಿವ್ ಓತ್'. ಇಂಗ್ಲೆಂಡಿನ ಚರ್ಚಿನ ಬಿಷಪ್ ವ್ಯವಸ್ಥೆಯನ್ನೇ ಕಿತ್ತುಹಾಕುತ್ತೇನೆ ಎನ್ನುವ ಕವನೆಂಟ್‌ಗೆ ಸಹಿ ಹಾಕುವುದು ಎಷ್ಟೋ ಜನರಿಗೆ ದಂಡಕ್ಕಿಂತ ಕಷ್ಟದ್ದಾಗಿತ್ತು.

ಮೂರನೆಯದು ಆಸ್ತಿ ಪಟ್ಟಿ. ಇದನ್ನು ಸಮಿತಿ ತಯಾರಿಸುತ್ತಿರಲಿಲ್ಲ. ಮಾಲೀಕನೇ ಬರೆದು ಸಹಿ ಹಾಕಬೇಕು. ಯಾವ ಜಮೀನು ಸ್ವಂತದ್ದು, ಯಾವುದು ತನ್ನ ಜೀವಮಾನಕ್ಕೆ ಮಾತ್ರ, ಯಾವುದು ಇಷ್ಟು ವರ್ಷದ ಗುತ್ತಿಗೆ, ಯಾವುದು ಅಮ್ಮ ಸತ್ತ ಮೇಲೆ ಬರಬೇಕಾದದ್ದು; ಪ್ರತಿಯೊಂದಕ್ಕೂ ಯುದ್ಧಕ್ಕೆ ಮುಂಚಿನ ವಾರ್ಷಿಕ ಹುಟ್ಟುವಳಿ ಎಷ್ಟು. ಆಮೇಲೆ ಋಣಭಾರ: ಅಡಮಾನ, ವಿಧವೆ ತಾಯಿಗೆ ಕೊಡಬೇಕಾದ ಪಾಲು, ತಮ್ಮಂದಿರಿಗೆ ಬರೆದುಕೊಟ್ಟ ವರ್ಷಾಶನ. ಜಮೀನಿನ ಮೇಲೆ ಕಾನೂನುಬದ್ಧವಾಗಿ ಹೊರೆಯಾಗಿ ಕೂತ ಬಾಬ್ತನ್ನು ಕಳೆಯಬಹುದು. ಬರೀ ಕೈಸಾಲವನ್ನು ಕಳೆಯಲು ಬಿಡುವುದು ಕಷ್ಟ. ಹೀಗಾಗಿ ಪೆಟ್ಟಿಗೆಯಲ್ಲಿ ಪತ್ರಗಳು ಸರಿಯಾಗಿದ್ದವನು ಬದುಕಿದ. ಪತ್ರಗಳು ಮುತ್ತಿಗೆಯಲ್ಲಿ ಸುಟ್ಟುಹೋದವನು ತಾನು ತೀರಿಸಬೇಕಾದ ಸಾಲದ ಮೇಲೂ ದಂಡ ಕಟ್ಟಿದ.

ನಾಲ್ಕನೆಯದು ಕೌಂಟಿಯ ಸರ್ಟಿಫಿಕೇಟು. ಊರಿನ ಸಮಿತಿ ತನ್ನ ಜಪ್ತಿ ಲೆಕ್ಕ ನೋಡಿ, ಇವನು ಹೇಳುವ ಬೆಲೆ ಹೌದೋ ಅಲ್ಲವೋ ಎಂದು ಬರೆದುಕೊಡಬೇಕು. ಊರಿನ ಸಮಿತಿಗೆ ಈ ರಾಜಿ ಬೇಡವೇ ಬೇಡ. ರಾಜಿ ಆದರೆ ದಂಡದ ಹಣ ಲಂಡನ್ನಿಗೆ ಹೋಗುತ್ತದೆ, ತನ್ನ ಕೈಯಲ್ಲಿದ್ದ ಜಮೀನು ಬಿಟ್ಟುಹೋಗುತ್ತದೆ. ಆದ್ದರಿಂದ ಉತ್ತರ ಬರೆಯುವುದು ತಡ, ಬರೆದರೂ ಅರೆಬರೆ. ಅಷ್ಟರಲ್ಲಿ ಅರ್ಜಿದಾರ ಲಂಡನ್ನಿನ ಬಾಡಿಗೆ ಕೋಣೆಯಲ್ಲಿ ಕೂತು ಊಟಕ್ಕೂ ಗುಮಾಸ್ತರ ಕೈಗೂ ದುಡ್ಡು ಸುರಿಯುತ್ತಿರಬೇಕು. ಕೊನೆಗೆ ಉಪಸಮಿತಿಯ ವರದಿ, ದಂಡದ ತೀರ್ಮಾನ. ಅರ್ಧ ಮುಂಗಡವಾಗಿ ಕಟ್ಟಿ, ಉಳಿದರ್ಧಕ್ಕೆ ಜಾಮೀನು ಕೊಟ್ಟರೆ ಜಪ್ತಿ ನಿಲ್ಲಿಸುವಂತೆ ಕೌಂಟಿಗೆ ಪತ್ರ ಹೋಗುತ್ತದೆ. ಪೂರ್ತಿ ಕಟ್ಟಿದ ಮೇಲೆ ಕ್ಷಮಾಪಣೆ.

ಇನ್ನು ದರ. ಹತ್ತನೇ ಒಂದು, ಆರನೇ ಒಂದು, ಮೂರನೇ ಒಂದು, ಅರ್ಧ, ಮೂರರಲ್ಲಿ ಎರಡು, ಹೀಗೆ ಮೆಟ್ಟಿಲುಗಳು. ರೂಢಿಯಲ್ಲಿ ಹತ್ತನೇ ಪಾಲು ಅಂದರೆ ಎರಡು ವರ್ಷದ ಹುಟ್ಟುವಳಿ, ಆರನೇ ಪಾಲು ಅಂದರೆ ಮೂರು ವರ್ಷದ್ದು. ವರ್ಷಕ್ಕೆ 300 ಪೌಂಡ್ ಬರುವ ಸ್ವಂತ ಜಮೀನಿದ್ದರೆ ಕ್ರಮವಾಗಿ 600 ಮತ್ತು 900. ಜೀವಮಾನಕ್ಕೆ ಮಾತ್ರ ಹಕ್ಕಿದ್ದರೆ ಇದಕ್ಕಿಂತ ತೀರಾ ಕಡಿಮೆ. ಯಾರಿಗೆ ಯಾವ ಮೆಟ್ಟಿಲು? ಸಂಸತ್ತಿನ ಸದಸ್ಯನಾಗಿದ್ದು ರಾಜನ ಕಡೆ ಹೋದವನಿಗೆ ಮೇಲಿನ ಮೆಟ್ಟಿಲು. 1645ರ ಡಿಸೆಂಬರ್ 1ರ ಗಡುವಿನೊಳಗೆ ತಾನಾಗಿ ಬಂದವನಿಗೆ ಕೆಳಗಿನದು. ಎಲ್ಲಕ್ಕಿಂತ ಬೆಲೆಬಾಳುವ ಕಾಗದವೆಂದರೆ ಶರಣಾಗತಿಯ ಒಪ್ಪಂದ. 1646ರ ಏಪ್ರಿಲ್‌ನಲ್ಲಿ ಎಕ್ಸೆಟರ್, ಜೂನ್‌ನಲ್ಲಿ ಆಕ್ಸ್‌ಫರ್ಡ್ ಕೋಟೆಗಳು ಷರತ್ತಿನ ಮೇಲೆ ಶರಣಾದವು. ಒಳಗಿದ್ದವರ ದಂಡ ಎರಡು ವರ್ಷದ ಹುಟ್ಟುವಳಿ ಮೀರಬಾರದು ಎಂಬುದು ಷರತ್ತಿನಲ್ಲೇ ಇತ್ತು. ಒಂದೇ ರೆಜಿಮೆಂಟಿನ ಇಬ್ಬರು ಅಧಿಕಾರಿಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಸಿಕ್ಕಿಬಿದ್ದವನಿಗೆ ಹತ್ತನೇ ಪಾಲು, ಹಿಂದಿನ ವಾರ ಊರಿಗೆ ಹೋದವನಿಗೆ ಅದಕ್ಕಿಂತ ಜಾಸ್ತಿ ಎಂಬಂಥ ವಿಚಿತ್ರ ಸಾಧ್ಯವಾದದ್ದು ಹೀಗೆ.

ಎಲ್ಲರೂ ಬೆಲೆ ಕಡಿಮೆ ಬರೆದರು. ಇದರಲ್ಲಿ ಆಶ್ಚರ್ಯವಿಲ್ಲ, ನಮ್ಮ ಕಡೆ ನೋಂದಣಿ ಕಚೇರಿಯಲ್ಲಿ ಬರೆಯುವ ಕ್ರಯಕ್ಕೂ ಕೈಗೆ ಕೊಡುವ ಹಣಕ್ಕೂ ಇರುವ ಅಂತರ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಸಭ್ಯವಾದ ದಾರಿಯೂ ಇತ್ತು. ಹಳೆಯ ದೀರ್ಘಾವಧಿ ಗುತ್ತಿಗೆಗಳಲ್ಲಿ ಗೇಣಿ ತೀರಾ ಕಡಿಮೆ. ಗುತ್ತಿಗೆ ನವೀಕರಿಸುವಾಗ ಮಾತ್ರ ದೊಡ್ಡ ಮುಂಗಡ ಬರುತ್ತದೆ. ಪಟ್ಟಿಯಲ್ಲಿ ಆ ಹಳೆಯ ಗೇಣಿಯನ್ನಷ್ಟೇ ಬರೆದರೆ ಸುಳ್ಳೂ ಆಗಲಿಲ್ಲ, ದಂಡವೂ ಇಳಿಯಿತು. ಬಿಟ್ಟುಹೋದ ಆಸ್ತಿ ಆಮೇಲೆ ಸಿಕ್ಕಿಬಿದ್ದರೆ ಮಾತ್ರ ಅದು ರಾಜಿಯ ಹೊರಗೆ ಉಳಿದಂತೆ, ಮತ್ತೆ ಜಪ್ತಿ, ಮತ್ತೆ ಅರ್ಜಿ, ಮತ್ತೆ ದಂಡ. ಶಿಲ್ಲಿಂಗಿನ ಆಸೆಯವರು ಇದನ್ನೇ ಕಾಯುತ್ತಿದ್ದರು. ಇನ್ನೊಂದು ರಿಯಾಯಿತಿ ಕುತೂಹಲದ್ದು: ಚರ್ಚಿನ ದಶಾಂಶ ಕಂದಾಯದ ಹಕ್ಕು ಖಾಸಗಿಯಾಗಿ ಕೈಯಲ್ಲಿದ್ದವರು ಅದನ್ನು ಆ ಊರಿನ ಪಾದ್ರಿಯ ಸಂಬಳಕ್ಕೆ ಬರೆದುಕೊಟ್ಟರೆ ದಂಡದಲ್ಲಿ ಅಷ್ಟು ಸೋಡಿ ಸಿಗುತ್ತಿತ್ತು.

ಈಗ ಒಂದೇ ಒಂದು ಕುಟುಂಬದ ಕಡತವನ್ನು ಹತ್ತಿರದಿಂದ ನೋಡೋಣ. ಆಕ್ಸ್‌ಫರ್ಡ್ ಪಕ್ಕದ ಫಾರೆಸ್ಟ್ ಹಿಲ್‌ನ ರಿಚರ್ಡ್ ಪೊವೆಲ್. ರಾಜನ ಕಡೆಯವನು, ಸಾಲದಲ್ಲಿ ಮುಳುಗಿದವನು, ಮತ್ತು ಕವಿ ಜಾನ್ ಮಿಲ್ಟನ್‌ನ ಮಾವ. ಮೊದಲಲ್ಲಿ ಬಂದ ಕ್ರಿಸ್ಟಫರ್ ಈ ಕವಿಯ ತಮ್ಮ. 1627ರಲ್ಲೇ ಪೊವೆಲ್ ಮಿಲ್ಟನ್ ಮನೆಯಿಂದ 300 ಪೌಂಡ್ ಸಾಲ ತೆಗೆದುಕೊಂಡು, ತೀರಿಸದಿದ್ದರೆ 500 ಎಂದು ಪತ್ರ ಬರೆದುಕೊಟ್ಟಿದ್ದ. ಫಾರೆಸ್ಟ್ ಹಿಲ್ ಜಮೀನು ಸರ್ ರಾಬರ್ಟ್ ಪೈ ಎಂಬ ಸಂಸತ್ ಸದಸ್ಯನಿಗೆ ಅಡಮಾನವಾಗಿತ್ತು.

1646ರ ಜೂನ್. ಆಕ್ಸ್‌ಫರ್ಡ್ ಶರಣಾಗುತ್ತಿದೆ, ಪೊವೆಲ್ ಕುಟುಂಬ ಕೋಟೆಯ ಒಳಗೆ. ಅದೇ ತಿಂಗಳು ಜಪ್ತಿ ಅಧಿಕಾರಿಗಳು ಫಾರೆಸ್ಟ್ ಹಿಲ್ ಮನೆಗೆ ಹೋಗಿ, ಕೋಣೆ ಕೋಣೆಯ ಸಾಮಾನು ಪಟ್ಟಿ ಮಾಡಿ, ಮ್ಯಾಥ್ಯೂ ಆ್ಯಪಲ್‌ಟ್ರೀ ಎಂಬ ಲಂಡನ್ನಿನ ವ್ಯಾಪಾರಿಗೆ ಒಟ್ಟು 335 ಪೌಂಡಿಗೆ ಮಾರಿಬಿಟ್ಟರು. ಜುಲೈನಲ್ಲಿ ಸಂಸತ್ತು ಪೊವೆಲ್‌ನ ಮರಮುಟ್ಟನ್ನು, 300 ಪೌಂಡ್ ಬೆಲೆಯದನ್ನು, ಯುದ್ಧದಲ್ಲಿ ಹಾಳಾದ ಬ್ಯಾನ್‌ಬರಿ ಊರಿನವರಿಗೆ ಚರ್ಚ್ ರಿಪೇರಿಗೆಂದು ಕೊಟ್ಟಿತು. ಇಷ್ಟಾದ ಮೇಲೆ ಪೊವೆಲ್ ಅರ್ಜಿ ಹಾಕಿ, ಆಕ್ಸ್‌ಫರ್ಡ್ ಷರತ್ತಿನ ರಕ್ಷಣೆ ಕೇಳಿ, ಪ್ರಮಾಣ ಮಾಡಿ, ಪಟ್ಟಿ ಕೊಟ್ಟ. ಡಿಸೆಂಬರ್‌ನಲ್ಲಿ ದಂಡ ನಿಗದಿಯಾಯಿತು: 180 ಪೌಂಡ್. ಅದನ್ನು ಕಟ್ಟುವ ಮೊದಲೇ, 1647ರ ಹೊಸ ವರ್ಷದ ಹೊತ್ತಿಗೆ, ಅವನು ತೀರಿಕೊಂಡ. ಸತ್ತದ್ದು ಅಳಿಯನ ಮನೆಯಲ್ಲಿ.

ಫಾರೆಸ್ಟ್ ಹಿಲ್ ಪೈನ ಕೈಗೆ ಹೋಯಿತು. ಉಳಿದದ್ದು ವೀಟ್ಲಿ ಎಂಬಲ್ಲಿನ ಸಣ್ಣ ಆಸ್ತಿ. ಬಾಕಿಯಿದ್ದ ಸಾಲಪತ್ರ ಹಿಡಿದು ಮಿಲ್ಟನ್ ಅದರ ಹುಟ್ಟುವಳಿಯನ್ನು ವಶಕ್ಕೆ ತೆಗೆದುಕೊಂಡ. ಅತ್ತೆ ಆ್ಯನ್ ಪೊವೆಲ್‌ಗೆ ವಿಧವೆಯ ಮೂರನೇ ಪಾಲು, ವರ್ಷಕ್ಕೆ 26 ಪೌಂಡ್ 13 ಶಿಲ್ಲಿಂಗ್ 4 ಪೆನ್ಸ್, ಕೊಡುತ್ತಿದ್ದ. ಲೆಕ್ಕ ಹಾಕಿ ನೋಡಿ, ಮೂರರಿಂದ ಗುಣಿಸಿದರೆ ಸರಿಯಾಗಿ 80 ಪೌಂಡ್; ವೀಟ್ಲಿಯ ವಾರ್ಷಿಕ ಹುಟ್ಟುವಳಿ ಅಷ್ಟು.

1650ರಲ್ಲಿ ನಿಯಮ ಬಿಗಿಯಾಯಿತು. ಡೆಲಿಂಕ್ವೆಂಟ್‌ನ ಜಮೀನು ಸಾಲದ ಬಾಬ್ತು ಯಾರ ಕೈಯಲ್ಲಿದ್ದರೂ ಅವರೇ ಬಂದು ರಾಜಿ ಮಾಡಿಕೊಳ್ಳಬೇಕು. ಆ ಹೊತ್ತಿಗೆ ಮಿಲ್ಟನ್, ರಾಜನ ತಲೆ ಹೋದ ಮೇಲೆ ಬಂದ ಗಣರಾಜ್ಯದ ವಿದೇಶಿ ಭಾಷೆಗಳ ಕಾರ್ಯದರ್ಶಿ, ರಾಜನ ಶಿರಚ್ಛೇದವನ್ನು ಯೂರೋಪಿನ ಮುಂದೆ ಸಮರ್ಥಿಸಿದವನು. ಅಂಥವನೂ 1651ರ ಫೆಬ್ರುವರಿಯಲ್ಲಿ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಅರ್ಜಿ ಹಾಕಿದ. ಮಾರ್ಚ್‌ನಲ್ಲಿ ಬಂದ ದಂಡ 130 ಪೌಂಡ್. ಸತ್ತ ರಾಜಪಕ್ಷದ ಮಾವನ ದಂಡವನ್ನು ಗಣರಾಜ್ಯದ ಅಳಿಯ ಕಟ್ಟಿದ. ಅತ್ತೆಗೆ ಕೊಡುವ ಮೂರನೇ ಪಾಲನ್ನು ಕಳೆಯಲು ಬಿಡಿ ಎಂದು ಕೇಳಿದರೆ ಸಮಿತಿ ಒಪ್ಪಲಿಲ್ಲ. ಒಪ್ಪದಿದ್ದಾಗ ಮಿಲ್ಟನ್ ಅತ್ತೆಗೆ ಕೊಡುವುದನ್ನೇ ನಿಲ್ಲಿಸಿದ. ಆಕೆ ಅಳಿಯನ ಮೇಲೆ ಸಮಿತಿಗೆ ದೂರು ಬರೆದಳು, ಮಗಳ ಮೇಲೆ ಸಿಟ್ಟು ತಿರುಗೀತೆಂದು ಕೋರ್ಟಿಗೆ ಹೋಗಲಿಲ್ಲ. ಒಂದೇ ಮನೆಯಲ್ಲಿ ಅಣ್ಣ, ತಮ್ಮ, ಮಾವ, ಮೂವರ ಹೆಸರಿನಲ್ಲೂ ಕಡತ.

ಹೆಂಗಸರ ಮಾತು ಬಂತು. ಗಂಡ ದೇಶಭ್ರಷ್ಟನಾಗಿ ಫ್ರಾನ್ಸಿನಲ್ಲೋ ಹಾಲೆಂಡಿನಲ್ಲೋ ಇದ್ದಾಗ ಲಂಡನ್ನಿಗೆ ಬಂದು ಕಚೇರಿ ಅಲೆದದ್ದು ಹೆಂಡತಿಯರು. ಹೆಂಗಸನ್ನು ಯಾರೂ ಹಿಡಿದು ಜೈಲಿಗೆ ಹಾಕುವುದಿಲ್ಲ, ಐದನೇ ಪಾಲು ಕೇಳುವ ಹಕ್ಕು ಆಕೆಗೇ ಇದೆ ಎಂಬುದು ಲೆಕ್ಕಾಚಾರ. ಸರ್ ರಾಲ್ಫ್ ವರ್ನಿಯದು ವಿಪರೀತದ ಪ್ರಕರಣ. ಅವನು ಸಂಸತ್ತಿನ ಕಡೆಯವನೇ, ಕವನೆಂಟ್‌ಗೆ ಸಹಿ ಹಾಕಲು ಮನಸ್ಸು ಒಪ್ಪದೆ ಫ್ರಾನ್ಸಿಗೆ ಹೋದ. ಗೈರುಹಾಜರಿಯೇ ಅಪರಾಧವಾಗಿ ಬಕಿಂಗ್‌ಹ್ಯಾಮ್‌ಶೈರಿನ ಕ್ಲೇಡನ್ ಆಸ್ತಿ ಜಪ್ತಿಯಾಯಿತು. ಹೆಂಡತಿ ಮೇರಿ 1646ರ ಕೊನೆಯಲ್ಲಿ, ಬಸುರಿಯಾಗಿ, ಲಂಡನ್ನಿಗೆ ಬಂದಳು. ಆಕೆಗೆ ಬೇಕಾಗಿದ್ದದ್ದು ಜಪ್ತಿಗೆ ಕಾರಣ ಏನೆಂದು ಕೌಂಟಿ ಸಮಿತಿ ಬರೆದುಕೊಡಬೇಕಾದ ಒಂದು ಸರ್ಟಿಫಿಕೇಟು. ಅದಕ್ಕಾಗಿ ತಿಂಗಳುಗಟ್ಟಲೆ ಶಿಫಾರಸು ಹಿಡಿದು ಅಲೆದಳು. ಆ ನಡುವೆ ಇಂಗ್ಲೆಂಡಿನಲ್ಲಿ ಹುಟ್ಟಿದ ಗಂಡುಕೂಸು ತೀರಿಕೊಂಡಿತು, ಫ್ರಾನ್ಸಿನಲ್ಲಿ ಗಂಡನ ಬಳಿ ಬಿಟ್ಟುಬಂದಿದ್ದ ಮಗಳೂ ಹೋದಳು. ಜಪ್ತಿ ತೆರವಾದದ್ದು 1648ರ ಜನವರಿಯಲ್ಲಿ.

ಮಾರ್ಗರೆಟ್ ಕ್ಯಾವೆಂಡಿಶ್‌ಗೆ ಅಷ್ಟೂ ಸಿಗಲಿಲ್ಲ. ಅವಳ ಗಂಡ ನ್ಯೂಕಾಸಲ್‌ನ ಮಾರ್ಕ್ವೆಸ್, ಉತ್ತರದಲ್ಲಿ ರಾಜನ ಸೇನಾಪತಿಯಾಗಿದ್ದವನು. 1651ರಲ್ಲಿ ಅವನ ಆಸ್ತಿ ಮಾರಾಟದ ಪಟ್ಟಿಗೆ ಸೇರಿದಾಗ ಅವಳು ಮೈದುನ ಸರ್ ಚಾರ್ಲ್ಸ್ ಜೊತೆ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ ಹೋಗಿ ಹೆಂಡತಿಯ ಪಾಲು ಕೇಳಿದಳು. ಸಮಿತಿಯ ಉತ್ತರದಲ್ಲಿ ಕಾನೂನಿನ ಚುರುಕುತನವಿದೆ: ನಿಮ್ಮ ಮದುವೆ ಆದದ್ದು 1645ರಲ್ಲಿ, ಅವನು ಡೆಲಿಂಕ್ವೆಂಟ್ ಆದದ್ದು ಅದಕ್ಕೆ ಮುಂಚೆ, ಕಳೆದುಹೋದ ಆಸ್ತಿಯನ್ನು ನೋಡಿಯೇ ಮದುವೆಯಾದಿರಿ, ಆದ್ದರಿಂದ ಪಾಲಿಲ್ಲ. ಅವಳು ಅಲ್ಲಿ ಒಂದು ಮಾತೂ ವಾದಿಸದೆ, ಮೈದುನನ ಕಿವಿಯಲ್ಲಿ ಪಿಸುಗುಟ್ಟಿ ಹೊರಗೆ ಬಂದಳು. ಮುಂದೆ ಗಂಡನ ಒಟ್ಟು ನಷ್ಟವನ್ನು ಅವಳು ಹಾಕಿದ ಲೆಕ್ಕ 9,41,303 ಪೌಂಡ್. ಆ ಕೊನೆಯ ಮೂರು ಪೌಂಡನ್ನು ಕಂಡರೆ ನನಗೆ ಯಾವಾಗಲೂ ಅನುಮಾನ, ಹೋದ ಗೇಣಿಯ ಮೇಲೆ ಬಡ್ಡಿ ಸೇರಿಸಿ ಹಿಗ್ಗಿಸಿದ ಅಂಕಿ ಅದು.

ಈ ಮಾರಾಟದ ಪಟ್ಟಿ ಯಾವುದು? 1649ರ ನಂತರ ಗಣರಾಜ್ಯಕ್ಕೆ ಐರ್ಲೆಂಡ್, ಸ್ಕಾಟ್‌ಲೆಂಡ್ ಯುದ್ಧಗಳ ಖರ್ಚು, ಆಮೇಲೆ ಡಚ್ಚರ ಜೊತೆ ಸಮುದ್ರಯುದ್ಧ. ಬಿಷಪ್ಪರ ಜಮೀನು 1646ರಿಂದ, ರಾಜನ ಮತ್ತು ಕೆಥೀಡ್ರಲ್‌ಗಳ ಜಮೀನು 1649ರಿಂದ ಮಾರಾಟವಾಗುತ್ತಲೇ ಇತ್ತು. ರಾಜಿ ಮಾಡಿಕೊಳ್ಳದ, ಅಥವಾ ರಾಜಿಗೇ ಅವಕಾಶ ಕೊಡದ ರಾಜಪಕ್ಷದವರ ಸರದಿ ಈಗ ಬಂತು. 1651ರ ಜುಲೈನ ಕಾಯ್ದೆಯಲ್ಲಿ ಸುಮಾರು ಎಪ್ಪತ್ತು ಹೆಸರು, ದೊಡ್ಡ ತಲೆಗಳು. 1652ರ ಆಗಸ್ಟ್‌ನ ಎರಡನೆಯದರಲ್ಲಿ 29. ಅದೇ ವರ್ಷ ನವೆಂಬರ್‌ನ ಮೂರನೆಯದರಲ್ಲಿ 678, ಇದರಲ್ಲಿ ಬಹಳ ಮಂದಿ ಸಣ್ಣ ಹಿಡುವಳಿಯವರು, ದಂಡ ಕಟ್ಟಲಾರದೆ ಬಾಕಿ ಉಳಿದವರು. ಮಾರಾಟ ನಡೆದದ್ದು ಡ್ರೂರಿ ಹೌಸ್‌ನಲ್ಲಿ.

ಕ್ರಮ ಹೀಗೆ: ಸರ್ವೆಯರು ಹೋಗಿ ಅಳೆದು ವಾರ್ಷಿಕ ಬೆಲೆ ಕಟ್ಟುತ್ತಾನೆ. ಇಂತಿಷ್ಟು ವರ್ಷದ ಹುಟ್ಟುವಳಿ ಎಂದು ಕನಿಷ್ಠ ದರ. ಉಳುವ ಒಕ್ಕಲಿಗೆ ಮೂವತ್ತು ದಿನ ಮೊದಲ ಹಕ್ಕು. ಒಕ್ಕಲ ಹತ್ತಿರ ಅಷ್ಟು ನಗದು ಎಲ್ಲಿಯದು? ಹಕ್ಕು ಹೆಚ್ಚಾಗಿ ಕಾಗದದ ಮೇಲೇ ಉಳಿಯಿತು. ಕೊಳ್ಳುವವರಿಗೆ ಒಂದು ಜಾಣ ಉಪಾಯವಿತ್ತು, ಹೆಸರು 'ಡಬ್ಲಿಂಗ್'. ಯುದ್ಧಕಾಲದಲ್ಲಿ ಸಂಸತ್ತಿಗೆ 100 ಪೌಂಡ್ ಸಾಲ ಕೊಟ್ಟು ಅದು ಮುಳುಗಿತೆಂದು ಕೈಬಿಟ್ಟವನು ಈಗ ಇನ್ನೊಂದು 100 ಹೊಸದಾಗಿ ಕಟ್ಟಿದರೆ ಎರಡೂ ಸೇರಿ 200 ಪೌಂಡಿಗೆ ಜಮೀನಿನ ಭದ್ರತೆ. ಹಳೆಯ ಸಾಲಚೀಟಿಗಳು ಬೀದಿಯಲ್ಲಿ ಮುಖಬೆಲೆಗಿಂತ ತೀರಾ ಕಡಿಮೆಗೆ ಸಿಗುತ್ತಿದ್ದವು. ಅವನ್ನು ಅಗ್ಗಕ್ಕೆ ಕೊಂಡು ಡಬ್ಲಿಂಗ್ ಮಾಡಿದವನಿಗೆ ಜಮೀನು ಸೋವಿ.

ಅಗ್ಗಕ್ಕೆ ಕೊಂಡವರಲ್ಲಿ ಯಾರಿದ್ದರು ಗೊತ್ತೇ? ಹಿಂದಿನ ಮಾಲೀಕರೇ. ತಮ್ಮ ಹೆಸರಿನಲ್ಲಿ ಕೊಳ್ಳುವಂತಿಲ್ಲ, ಆದ್ದರಿಂದ ವಕೀಲನ, ನೆಂಟನ, ದಲ್ಲಾಳಿಯ ಹೆಸರಿನಲ್ಲಿ. ಬೇನಾಮಿ ಎಂದು ನಾವು ಕರೆಯುವುದು ಇದನ್ನೇ. ಇದರಲ್ಲಿ ದೊಡ್ಡ ಕೈ ಜಾನ್ ವೈಲ್ಡ್‌ಮನ್. ಕೆಲವೇ ವರ್ಷದ ಹಿಂದೆ ಲೆವೆಲ್ಲರ್ ಪಕ್ಷದಲ್ಲಿ ನಿಂತು ಬಡವನಿಗೂ ಮತ ಬೇಕೆಂದು ವಾದಿಸಿದವನು, ಈಗ ರಾಜಪಕ್ಷದವರ ಮತ್ತು ಕ್ಯಾಥೊಲಿಕರ ಜಮೀನಿನ ದಲ್ಲಾಳಿ. ಸರ್ ಚಾರ್ಲ್ಸ್ ಕ್ಯಾವೆಂಡಿಶ್ ಅಣ್ಣನ ವೆಲ್ಬೆಕ್ ಮತ್ತು ಬೋಲ್ಸೋವರ್ ಬಂಗಲೆಗಳನ್ನು ಹೀಗೆ ಬಿಡಿಸಿಕೊಂಡ.

ಕಾಗದವನ್ನೇ ನಂಬಿ ಕೆಟ್ಟವನು ಸಾಮರ್‌ಸೆಟ್ಟಿನ ಸರ್ ಜಾನ್ ಸ್ಟಾವೆಲ್. ಎಕ್ಸೆಟರ್ ಷರತ್ತಿನಲ್ಲಿ ಯಾವ ಪ್ರಮಾಣವನ್ನೂ ಕೇಳುವಂತಿಲ್ಲ ಎಂದಿದೆ, ನಾನು ಕವನೆಂಟ್‌ಗೂ ನೆಗೆಟಿವ್ ಓತ್‌ಗೂ ಸಹಿ ಹಾಕುವುದಿಲ್ಲ, ದಂಡ ಮಾತ್ರ ತೆಗೆದುಕೊಳ್ಳಿ ಎಂದು 1646ರಲ್ಲಿ ಸಮಿತಿಯ ಮುಂದೆ ನಿಂತ. ಕಾನೂನು ಅವನ ಕಡೆಯೇ ಇತ್ತೆಂದು ನನ್ನ ಅಭಿಪ್ರಾಯ. ನ್ಯೂಗೇಟ್ ಜೈಲು, ಆಮೇಲೆ ಲಂಡನ್ನಿನ ಟವರ್ ಕೋಟೆ. ಆಸ್ತಿ 1651ರ ಕಾಯ್ದೆಯಲ್ಲಿ ಮಾರಾಟ.

ವಕೀಲರು ಮಾತ್ರ ಪಾಠ ಕಲಿತರು. ಜೀವಮಾನದ ಹಕ್ಕುದಾರ ಅಪರಾಧಿಯಾದರೆ ಅವನ ಹಕ್ಕಿನ ಜೊತೆ ಇನ್ನೂ ಹುಟ್ಟದ ಮಗನ ಹಕ್ಕೂ ನಾಶವಾಗುವ ಅಪಾಯವಿತ್ತು. ತಾನೂ ರಾಜಪಕ್ಷದವನಾಗಿದ್ದ ಓರ್ಲ್ಯಾಂಡೊ ಬ್ರಿಜ್‌ಮನ್ ಮನೆಯಲ್ಲೇ ಕೂತು ದಸ್ತಾವೇಜು ಬರೆಯುವ ವೃತ್ತಿ ಹಿಡಿದು, ತಂದೆಯ ಹಕ್ಕಿಗೂ ಹುಟ್ಟಲಿರುವ ಮಗನ ಹಕ್ಕಿಗೂ ನಡುವೆ ಟ್ರಸ್ಟಿಗಳನ್ನು ಕೂರಿಸುವ ಕ್ರಮವನ್ನು ಬಲಪಡಿಸಿದ. ತಂದೆಯ ಹಕ್ಕು ಬಿದ್ದರೂ ಟ್ರಸ್ಟಿಗಳ ಹಕ್ಕು ನಿಂತು ಮಗನದನ್ನು ಕಾಯುತ್ತದೆ. ಇಂಗ್ಲೆಂಡಿನ ದೊಡ್ಡ ಎಸ್ಟೇಟುಗಳು ಮುಂದಿನ ಎರಡು ಶತಮಾನ ಒಡೆಯದೆ ಉಳಿದದ್ದರಲ್ಲಿ ಈ ಪತ್ರದ ಪಾಲು ದೊಡ್ಡದು.

ದಂಡ ಕಟ್ಟಿ 1652ರ ಸಾಮೂಹಿಕ ಕ್ಷಮಾದಾನವನ್ನೂ ಪಡೆದವರು ಇನ್ನು ಮುಗಿಯಿತೆಂದುಕೊಂಡರು. 1655ರ ಮಾರ್ಚ್‌ನಲ್ಲಿ ಪೆನ್ರಡಕ್ ಎಂಬಾತ ನೈಋತ್ಯದಲ್ಲಿ ಸಣ್ಣ ದಂಗೆ ಎದ್ದ. ಆಗ ದೇಶ ಆಳುತ್ತಿದ್ದ ಕ್ರಾಂವೆಲ್ ಅದರ ಖರ್ಚನ್ನು ಇಡೀ ರಾಜಪಕ್ಷದ ತಲೆಗೆ ಕಟ್ಟಿದ. ವರ್ಷಕ್ಕೆ 100 ಪೌಂಡ್ ಜಮೀನು ಹುಟ್ಟುವಳಿ ಅಥವಾ 1,500 ಪೌಂಡ್ ಚರಾಸ್ತಿ ಇದ್ದವರೆಲ್ಲ ಹತ್ತನೇ ಒಂದು ತೆರಿಗೆ ಕಟ್ಟಬೇಕು. ವಸೂಲಿಗೆ ಪ್ರಾಂತಕ್ಕೊಬ್ಬರಂತೆ ನೇಮಿಸಿದ ಮೇಜರ್ ಜನರಲ್‌ಗಳು. ಕೊಟ್ಟ ಕ್ಷಮೆಯನ್ನು ಮುರಿದ ಈ ತೆರಿಗೆ ಸಂಸತ್ತಿಗೇ ಹಿಡಿಸಲಿಲ್ಲ, 1657ರ ಜನವರಿಯಲ್ಲಿ ಮಸೂದೆ ಬಿದ್ದುಹೋಯಿತು.

1660ರಲ್ಲಿ ತಲೆ ಹೋದ ರಾಜನ ಮಗ ಎರಡನೇ ಚಾರ್ಲ್ಸ್ ಮರಳಿ ಬಂದ. ಈಗ ಯಾರಿಗೆ ಏನು ವಾಪಸು? ಸರ್ಕಾರ ಮುಟ್ಟುಗೋಲು ಹಾಕಿ ಮಾರಿದ ಜಮೀನು ಹಳೆಯ ಮಾಲೀಕನಿಗೆ ಕೋರ್ಟಿನ ದಾರಿಯಲ್ಲಿ ಸಿಕ್ಕೀತು, ಏಕೆಂದರೆ ಆ ಮಾರಾಟವೇ ಕಾನೂನುಬಾಹಿರ ಸರ್ಕಾರದ್ದು. ಸ್ಟಾವೆಲ್‌ಗೆ ಸಿಕ್ಕಿತು. ಆದರೆ ಗೋಲ್ಡ್‌ಸ್ಮಿತ್ಸ್ ಹಾಲ್‌ನ ದಂಡ ಕಟ್ಟಲು ತಾನೇ ಒಂದು ಹಳ್ಳಿಯನ್ನು ಮಾರಿ ಕ್ರಯಪತ್ರಕ್ಕೆ ಸಹಿ ಹಾಕಿದವನಿಗೆ ಏನೂ ಇಲ್ಲ. ಸಹಿ ಅವನದು, ಮಾರಾಟ ಖಾಸಗಿ. ವಿಧೇಯನಾಗಿ ಹೋಗಿ, ಪ್ರಮಾಣ ಮಾಡಿ, ಹೊತ್ತಿಗೆ ಸರಿಯಾಗಿ ದಂಡ ಕಟ್ಟಿದವನು ಶಾಶ್ವತವಾಗಿ ಕಳೆದುಕೊಂಡ. ರಾಜಿಗೇ ಒಪ್ಪದವನು, ಬದುಕಿದ್ದರೆ, ಮರಳಿ ಪಡೆದ. ಆಗ ಬಂದ ಕ್ಷಮೆ ಮತ್ತು ಮರೆವಿನ ಕಾಯ್ದೆಯ ಬಗ್ಗೆ ರಾಜಪಕ್ಷದವರು ಆಡಿಕೊಂಡದ್ದು: ಕ್ಷಮೆ ರಾಜನ ವೈರಿಗಳಿಗೆ, ಮರೆವು ಅವನ ಗೆಳೆಯರಿಗೆ.

ಡರ್ಬಿಯ ಅರ್ಲ್ ಜೇಮ್ಸ್ ಸ್ಟ್ಯಾನ್ಲಿಯ ತಲೆಯನ್ನು 1651ರಲ್ಲಿ ಬೋಲ್ಟನ್‌ನಲ್ಲಿ ಕಡಿದಿದ್ದರು. ಆಸ್ತಿಯೂ ಮಾರಾಟವಾಗಿತ್ತು. ಫ್ಲಿಂಟ್‌ಶೈರಿನ ಹಾರ್ಡನ್ ಹೋದದ್ದು ವಕೀಲ ಜಾನ್ ಗ್ಲಿನ್ ಕೈಗೆ. ಆ ವಂಶದ ಮಗಳನ್ನು ಮದುವೆಯಾಗಿ ಮುಂದೆ ಪ್ರಧಾನಿ ಗ್ಲ್ಯಾಡ್‌ಸ್ಟನ್ ಅಲ್ಲೇ ನೆಲೆಸಿದ. ಅರ್ಲ್‌ನ ಮಗ ಕಷ್ಟಕ್ಕೆ ಸಿಕ್ಕು, ಕೈಗೆ ಬಂದಷ್ಟು ಹಣ ಪಡೆದು, ಆ ಮಾರಾಟಗಳನ್ನು ಒಪ್ಪಿ ಸಹಿ ಹಾಕಿದ್ದ. ರಾಜ ಬಂದ ಮೇಲೆ ಅವನು ಸಂಸತ್ತಿನಲ್ಲಿ ಖಾಸಗಿ ಮಸೂದೆ ತಂದ. ಎರಡೂ ಸದನಗಳಲ್ಲಿ ಅದು ಪಾಸಾಯಿತು. ಎರಡನೇ ಚಾರ್ಲ್ಸ್ ಅಂಕಿತ ಹಾಕಲಿಲ್ಲ. ಒಂದು ಸಹಿಯನ್ನು ರದ್ದು ಮಾಡಿದರೆ ಸಾವಿರ ಸಹಿಗಳ ಮೇಲೆ ವ್ಯಾಜ್ಯ ಏಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಎಪ್ಪತ್ತು ವರ್ಷ ಕಳೆದ ಮೇಲೆ, 1732ರಲ್ಲಿ, ಹತ್ತನೇ ಅರ್ಲ್ ಲ್ಯಾಂಕಶೈರಿನ ನೋಸ್ಲಿ ಬಂಗಲೆಯ ಗೋಡೆಗೆ ಒಂದು ಶಿಲಾಫಲಕ ಹಾಕಿಸಿದ. ಅಜ್ಜ ಎರಡನೇ ಚಾರ್ಲ್ಸ್‌ನ ಪಕ್ಷ ಬಿಡದೆ ಬೋಲ್ಟನ್‌ನಲ್ಲಿ ತಲೆ ಕೊಟ್ಟ ಎಂದೂ, ಆ ನಿಷ್ಠೆಯಿಂದ ಹೋದ ಆಸ್ತಿಯನ್ನು ಮರಳಿ ಕೊಡಿಸಲು ಎರಡೂ ಸದನಗಳು ಒಮ್ಮತದಿಂದ ಪಾಸು ಮಾಡಿದ ಮಸೂದೆಯನ್ನು ಅದೇ ರಾಜ ನಿರಾಕರಿಸಿದ ಎಂದೂ ಅದರಲ್ಲಿ ಕೆತ್ತಿಸಿದ್ದಾನೆ.